ಕಾಲುವೆಯಲ್ಲಿ ಸಿಕ್ಕ ಲಗ್ನಪತ್ರಿಕೆಗಳು

ನೀರು ತೊಟ್ಟಿಕ್ಕುತ್ತಿದ್ದ ಗೋಣಿಚೀಲವನ್ನು ನಸ್ರೀನ್ ಪ್ರಿಂಟಿಂಗ್ ಪ್ರೆಸ್ಸಿನ ಕೌಂಟರ್ ಮೇಲೆ ಸುರಿದಳು.

ಎಲ್ಲಾ ಒದ್ದೆ ಲಗ್ನಪತ್ರಿಕೆಗಳು. ಕೆಲವಕ್ಕೆ ಗಣಪತಿ, ಕೆಲವಕ್ಕೆ ಬಿಸ್ಮಿಲ್ಲಾ. ಬುಡದಲ್ಲಿ ಮಾತ್ರ ಒಂದೇ ಪ್ರೆಸ್ಸಿನ ಹೆಸರು.

"ಇದೆಲ್ಲಾ ನಿಮ್ಮದೇ ತಾನೇ?"

ಕಂಪ್ಯೂಟರ್ ಮುಂದಿದ್ದ ದಾನಿಶ್ ತಲೆಯೆತ್ತಿದ. "ನಮ್ಮದೇ ಕಣ್ರೀ. ಎಲ್ಲಿ ಸಿಕ್ತು?"

"ಕಾಲುವೇಲಿ. ಪಾರ್ಕ್ ಪಕ್ಕದ ಸೇತುವೆ ಕೆಳಗೆ."

"ನಾನು ಪ್ರಿಂಟ್ ಮಾಡ್ತೀನಿ ಅಷ್ಟೇ. ಕಾಲುವೆಗೆ ಹಾಕಲ್ಲ."

"ಹೆಸರು ಹಾಕ್ಕೊಳ್ಳೋಕೆ ಬರುತ್ತೆ, ಹೊಣೆ ಹೊತ್ಕೊಳ್ಳೋಕೆ ಬರಲ್ವಾ?"

ಮನೆಯಲ್ಲಿ ದಖನಿ ಉರ್ದು ಮಾತಾಡುವ ಈ ಹುಡುಗಿಗೆ ಜಗಳಕ್ಕೆ ಮಾತ್ರ ಕನ್ನಡವೇ ಆಗಬೇಕು. ತರೀಕೆರೆಯಲ್ಲಿ ಕಾಲುವೆ ದಂಡೆಯ ಪಾರ್ಕ್ ನೋಡಿಕೊಳ್ಳುವ ಕೆಲಸ ಅವಳದು. ಚಿಪ್ಸ್ ಪ್ಯಾಕೆಟ್ ಎಸೆಯುವವರನ್ನು ಗದರಿಸಿ ದಾರಿಗೆ ತಂದಿದ್ದಳು. ಆದರೆ ದೇವರ ಹೆಸರಿರುವ ಕಾಗದವನ್ನು ಕಸದ ಬುಟ್ಟಿಗೆ ಹಾಕಬಾರದಂತೆ, ನೀರಿಗೇ ಬಿಡಬೇಕಂತೆ! ಇದರಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವಿರಲಿಲ್ಲ. ಎಲ್ಲರ ಭಕ್ತಿಯೂ ಹೋಗಿ ಆ ಸೇತುವೆಯ ಕಂಬಕ್ಕೇ ಸಿಕ್ಕಿಕೊಳ್ಳುತ್ತಿತ್ತು.

ದಾನಿಶ್ ಎದ್ದು ಬಂದ. ಒಂದೊಂದೇ ಪತ್ರಿಕೆ ಎತ್ತಿ ಫ್ಯಾನ್ ಕೆಳಗೆ ಹರವತೊಡಗಿದ.

'ಜಗಳಕ್ಕೆ ಬಂದ್ರೆ ಹೀಗಾ ಮಾಡೋದು...' ನಸ್ರೀನ್‌ಗೆ ಪೆಚ್ಚೆನಿಸಿತು.

ಮರುದಿನ ಪ್ರೆಸ್ಸಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಕೂತಿತ್ತು. 'ಹಳೇ ಲಗ್ನಪತ್ರಿಕೆ ಇಲ್ಲಿ ಕೊಡಿ. ಮರ್ಯಾದೆಯಿಂದ ಮಣ್ಣಿಗೆ ಸೇರಿಸುತ್ತೇವೆ.'

ಅಂದಿನಿಂದ ಪ್ರತಿ ಭಾನುವಾರ ದಾನಿಶ್ ಪ್ಯಾಂಟ್ ಮಡಚಿಕೊಂಡು ಪಾರ್ಕಿಗೆ ಬರತೊಡಗಿದ. ಪತ್ರಿಕೆಗಳ ಪ್ಲಾಸ್ಟಿಕ್ ಹಾಳೆ ಕಿತ್ತು ಬೇರೆ ಮಾಡಿ, ಹೊಂಗೆ ಮರದ ಕೆಳಗೆ ಗುಂಡಿ ತೋಡಿ ಹೂಳುವುದು ಇಬ್ಬರ ಕೆಲಸ. ಅರ್ಧ ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತಿತ್ತು ಎಂದರೆ ನೀವೇ ಅರ್ಥ ಮಾಡಿಕೊಳ್ಳಿ. ಶನಿವಾರವೇ ನಸ್ರೀನ್‌ಗೆ ನಾಳೆ ಯಾವ ದುಪಟ್ಟಾ ಎಂಬ ಚಿಂತೆ ಶುರುವಾಗುತ್ತಿತ್ತು.

ಒಂದು ದಿನ ಅವಳು ಪ್ರೆಸ್ಸಿಗೆ ಹೋದಾಗ ದಾನಿಶ್ ಕಾಗದ ತರಲು ಕಡೂರಿಗೆ ಹೋಗಿದ್ದ. ಸುಮ್ಮನೆ ಕೂರಲಾರದೆ ಹೊಸ ಪತ್ರಿಕೆಗಳ ಆಲ್ಬಂ ತಿರುವಿದಳು. ಮೊದಲ ಪುಟದಲ್ಲೇ ಬಂಗಾರದ ಅಕ್ಷರ.

ವರ: ದಾನಿಶ್. ವಧು: ಸೈದಾನಿ ಬಿ.

ಅವಳು ಆಲ್ಬಂ ಮುಚ್ಚಿಬಿಟ್ಟಳು.

'ಪತ್ರಿಕೇನೂ ಅಚ್ಚಾಗಿದೆ... ಒಂದು ಮಾತು ಹೇಳಲಿಲ್ವಲ್ಲ.'

ಎರಡು ಭಾನುವಾರ ಅವಳು ಪಾರ್ಕಿನತ್ತ ಸುಳಿಯಲಿಲ್ಲ, ಮಾಲಿ ಮಂಜಪ್ಪನನ್ನು ಕಳಿಸಿದಳು. ದಾನಿಶ್‌ನ ಫೋನೂ ಎತ್ತಲಿಲ್ಲ. ಮನೆಯಲ್ಲಿ ಕಣ್ಣು ಕೆಂಪಾಗಿದ್ದಕ್ಕೆ ಈರುಳ್ಳಿಯ ಹೆಸರು ಹೇಳಿದಳು.

ಆಮೇಲಿನ ಸೋಮವಾರ ಬೆಳಗ್ಗೆ, ಸೇತುವೆಯ ಮೇಲೆ ಅಜ್ಜಿಯೊಬ್ಬರು ಬಟ್ಟೆಗಂಟು ಬಿಚ್ಚುತ್ತಿದ್ದರು. ನಸ್ರೀನ್ ಓಡಿದಳು.

"ಅಮ್ಮಾ, ಕಸ ಹಾಕ್ಬೇಡಿ."

"ಕಸ ಅಲ್ಲ ಬೇಟಿ, ಅಲ್ಲಾಹನ ಹೆಸರಿರೋ ಕಾಗದ. ಮೊಮ್ಮಗನ ಪ್ರೆಸ್ಸಲ್ಲಿ ಕೆಟ್ಟೋಗಿದ್ದು. ಅವನು ಪೆಟ್ಟಿಗೆಗೆ ಹಾಕು ಅಂತಾನೆ, ನಂಗೆ ಮನಸ್ಸು ಬರಲ್ಲ. ಹರಿಯೋ ನೀರು ಪಾಕ್, ಶುದ್ಧ ಅಲ್ವಾ?"

ನಸ್ರೀನ್ ವಾದಿಸಲಿಲ್ಲ. ಕೈ ಹಿಡಿದು ಮೆಟ್ಟಿಲಿಳಿಸಿ ಸೇತುವೆಯ ಕೆಳಗೆ ಕರೆದೊಯ್ದಳು. ಕಂಬಕ್ಕೆ ಒಡೆದ ಬಾಟಲಿ, ಮಕ್ಕಳ ಡೈಪರ್, ಕೊಳೆತ ಹಾರ ಒತ್ತಿಕೊಂಡಿದ್ದವು. ನಡುವೆ ಹಸಿರು ಅಕ್ಷರದ ಬಿಸ್ಮಿಲ್ಲಾ.

ಅಜ್ಜಿ ಬಗ್ಗಿ ಆ ಅಕ್ಷರವನ್ನೇ ನೋಡಿದರು.

"ಇಷ್ಟು ವರ್ಷ ಇಲ್ಲಿಗಾ ಕಳಿಸ್ತಿದ್ದೆ ನಾನು..." ಸೀರೆ ಎತ್ತಿಕಟ್ಟಿ ತಾವೇ ನೀರಿಗಿಳಿಯಲು ಹೊರಟರು.

"ನೀವು ನಿಲ್ಲಿ, ನಾನು ತೆಗೀತೀನಿ." ಮೊಣಕಾಲುದ್ದ ನೀರಿನಲ್ಲಿ ಕಾಗದ ಬಿಡಿಸುತ್ತಾ, ಅಜ್ಜಿಯ ದುಃಖ ಮರೆಸಲೆಂದು ಕೇಳಿದಳು. "ನಿಮ್ಮ ಹೆಸರೇನಮ್ಮಾ?"

"ಸೈದಾನಿ ಬಿ."

ನಸ್ರೀನ್ ತಿರುಗಿ ಅಜ್ಜಿಯ ಮುಖ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ.

"ಹೆಸರು ಕೇಳಿ ನಗೋದಾ?"

ನಸ್ರೀನ್ ಆಲ್ಬಂ ವಿಷಯ ಬಾಯಿಬಿಟ್ಟಳು.

"ಅದಾ? ಬೇರೆ ಹುಡುಗಿ ಹೆಸರು ಹಾಕಿದ್ರೆ ಊರೆಲ್ಲಾ ಸುದ್ದಿ ಅಂತ ಸ್ಯಾಂಪಲ್ಲಿಗೆ ನನ್ನ ಹೆಸರು ಹಾಕಿದಾನೆ, ಬದ್ಮಾಶ್. ಎಪ್ಪತ್ತೆಂಟಕ್ಕೆ ಮದುವಣಗಿತ್ತಿ ನಾನು." ಅಜ್ಜಿ ಕಣ್ಣು ಕಿರಿದು ಮಾಡಿದರು. "ಅದಿರ್ಲಿ, ಅದನ್ನ ನೋಡಿ ನಿಂಗ್ಯಾಕೆ ಬೇಜಾರಾಯ್ತು?"

ಊರಿಗೆಲ್ಲಾ ಬುದ್ಧಿ ಹೇಳುವ ನಸ್ರೀನ್ ಬಗ್ಗಿ ಮತ್ತೆ ಕಂಬದ ಕಾಗದ ಬಿಡಿಸತೊಡಗಿದಳು. ಅಜ್ಜಿ ಆಗಲೇ ಫೋನ್ ತೆಗೆದಿದ್ದರು. "ದಾನಿಶ್, ಸೇತುವೆ ಹತ್ರ ಬಾ. ಈಗಲೇ."

ಅವನು ಏದುಸಿರು ಬಿಡುತ್ತಾ ಬಂದ. ಅಜ್ಜಿ ನಡೆದಿದ್ದನ್ನೆಲ್ಲಾ ಒಂದೇ ಉಸಿರಿಗೆ ಹೇಳಿ, ದೂರದ ಬೆಂಚಿಗೆ ಹೋಗಿ ಬೆನ್ನು ಮಾಡಿ ಕೂತರು.

"ಎರಡು ಭಾನುವಾರ ಮಂಜಪ್ಪನ ಜೊತೆ ಗುಂಡಿ ತೋಡಿದೆ," ಎಂದ ದಾನಿಶ್. "ಅರ್ಧ ಗಂಟೆಗೇ ಕೆಲಸ ಮುಗಿದೋಯ್ತು. ಆಮೇಲೆ ಏನು ಮಾಡಬೇಕೂಂತ ಗೊತ್ತಾಗದೆ ಅಲ್ಲೇ ಕೂತಿದ್ದೆ. ನೀವಿಲ್ದೆ ಇರೋಕಾಗಲ್ಲ ಕಣ್ರೀ."

"ನಂಗೂ ಅಷ್ಟೇ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ನಿಮ್ಮ ಅಬ್ಬಾ ಹತ್ರ ಮಾತಾಡ್ಲಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಏನೋ ಹೊಳೆದು ತಲೆಯೆತ್ತಿದಳು. "ನಮ್ಮ ಮದುವೆಗೆ ಎಷ್ಟು ಪತ್ರಿಕೆ ಹಾಕಿಸ್ತೀರ?"

ಪತ್ರಿಕೆ ಅಚ್ಚುಹಾಕಿಯೇ ಅನ್ನ ತಿನ್ನುವವನು ಒಂದು ಕ್ಷಣ ಕಾಲುವೆ ನೋಡಿದ.

"ಒಂದೂ ಇಲ್ಲ. ಮನೆಮನೆಗೆ ಹೋಗಿ ಬಾಯಲ್ಲೇ ಕರೆಯೋಣ."

"ಅಜ್ಜಂಪುರದಲ್ಲೇ ನಮ್ಮೋರು ನಲವತ್ತು ಮನೆ ಇದಾರೆ. ತಿಂಗಳು ಹಿಡಿಯುತ್ತೆ."

"ಹಿಡೀಲಿ. ನೀವು ಜೊತೆಗಿರ್ತೀರಲ್ಲ."

"ಮೊದಲು ಆ 'ನೀವು' ಬಿಡಿ."

ದಾನಿಶ್ ನಾಚಿದ. ನೀರಿನಲ್ಲಿ ನಿಂತಿದ್ದ ಅವಳತ್ತ ಕೈ ಚಾಚಿದ.

"ಬತ್ತೀಯಾ?"

"ಬತ್ತೀನಿ."