ಹೊದಿಕೆಯ ಒಳಮೈ

“ಕೈ ಮುಂದೆ ಮಾಡಿ,” ಎಂದ ಮ್ಯೂಸಿಯಮ್ಮಿನ ಯುವಕ, ನೀಲಿ ಗ್ಲೌಸಿನ ಡಬ್ಬಿ ಹಿಡಿದುಕೊಂಡು.

ಲೀಟಾಳಿಗೆ ಮೈ ಉರಿಯಿತು. ನದಿ ದಡದ ಮನೆಯಿಂದ ಅಜ್ಜಿಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಮೆಲ್ಬರ್ನ್ ತನಕ ಬಂದದ್ದಾಗಿತ್ತು. ಮ್ಯೂಸಿಯಮ್ಮಿನ ಹಿಂಬಾಗಿಲಲ್ಲಿ ಕಾದದ್ದಾಗಿತ್ತು, ಹೆಸರು ಹೇಳಿ ಕೊರಳಿಗೆ ಚೀಟಿ ತೂಗುಹಾಕಿಸಿಕೊಂಡದ್ದಾಗಿತ್ತು. ಈಗ ಇದೊಂದು.

“ನಮ್ಮಜ್ಜಿ ಮನೆತನದ ಹೊದಿಕೆ ಮುಟ್ಟೋಕೆ ನಮ್ಮ ಕೈ ಕೊಳಕಾ?”

“ನಿಮ್ಮ ಕೈಯಿಂದ ಅದನ್ನ ಕಾಪಾಡೋಕಲ್ಲ. ಅದರಿಂದ ನಿಮ್ಮ ಕೈನ ಕಾಪಾಡೋಕೆ.” ಅವನು ದನಿ ತಗ್ಗಿಸಿದ. “ಹುಳ ಹಿಡೀಬಾರದು ಅಂತ ಹಿಂದಿನೋರು ವಿಷ ಬಳಿದಿದ್ದಾರೆ. ಆರ್ಸೆನಿಕ್.”

ಲೀಟಾ ಕೈ ಮುಂದೆ ಮಾಡಿದಳು. ವ್ಹೀಲ್‌ಚೇರಿನಲ್ಲಿದ್ದ ಮರ್ಲ್ ಅಜ್ಜಿ ನಕ್ಕಳು.

“ಕದ್ದುಕೊಂಡು ಹೋದ್ರು, ಆಮೇಲೆ ವಿಷ ಹಾಕಿಟ್ರು. ಇಷ್ಟಾದ ಮೇಲೆ ಊಟಕ್ಕೂ ಕರೀತಾರೇನಪ್ಪ?”

“ಇಲ್ಲಿನ ಕ್ಯಾಂಟೀನ್ ಊಟ ಆ ವಿಷಕ್ಕಿಂತ ವಾಸಿ ಅಂತ ಹೇಳೋಕಾಗಲ್ಲ, ಆಂಟಿ.”

ಅಜ್ಜಿಯ ಬೆರಳುಗಳು ಸಂಧಿವಾತದಿಂದ ಗಂಟುಗಂಟಾಗಿದ್ದವು. ಅವನು ಅದನ್ನು ನೋಡಿದ. ಗ್ಲೌಸಿನೊಳಗೆ ಉಸಿರು ಊದಿ ಅದರ ಬೆರಳುಗಳನ್ನು ಉಬ್ಬಿಸಿ, ಅಜ್ಜಿಯ ಒಂದೊಂದೇ ಬೆರಳನ್ನು ನೋಯಿಸದೆ ಒಳಗೆ ಸೇರಿಸಿದ. ಆಗ ಲೀಟಾ ಅವನನ್ನು ನೆಟ್ಟಗೆ ನೋಡಿದಳು. ತಮ್ಮಂಥದೇ, ನದಿಯ ಆದಿವಾಸಿಗಳ ಮೈಬಣ್ಣ. ಎಡಹುಬ್ಬನ್ನು ಎರಡು ಮಾಡಿದ ಸಣ್ಣ ಗಾಯದ ಗುರುತು. ಅವನು ತಲೆಯೆತ್ತಿದಾಗ ಅವಳು ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸೂಚನೆಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದಳು.

“ನಿನ್ನ ಜನ ಯಾರಪ್ಪ?” ಎಂದಳು ಅಜ್ಜಿ. ಅವರ ಜನರಲ್ಲಿ ಯಾರನ್ನೇ ಆಗಲಿ ಮೊದಲು ಕೇಳುವುದು ಇದನ್ನೇ.

ಅವನ ಕೈ ನಿಂತಿತು. “ಗೊತ್ತಿಲ್ಲ ಆಂಟಿ. ನಮ್ಮಜ್ಜಿ ಚಿಕ್ಕವಳಿದ್ದಾಗ ವೆಲ್ಫೇರಿನವರು ಎತ್ಕೊಂಡು ಹೋದ್ರಂತೆ. ಅನಾಥಾಶ್ರಮದಲ್ಲಿ ಜೋನ್ ಅಂತ ಹೆಸರಿಟ್ರು. ಅದಕ್ಕೆ ಹಿಂದಿನದು ಯಾರಿಗೂ ಗೊತ್ತಿಲ್ಲ. ನಾನು ರೂಬೆನ್.”

ಅಜ್ಜಿ ಗ್ಲೌಸಿನ ಕೈಯಿಂದಲೇ ಅವನ ಕೆನ್ನೆ ತಟ್ಟಿದಳು. “ಎಲ್ಲೋ ಯಾರೋ ಕಾಯ್ತಾ ಇರ್ತಾರೆ ಬಿಡು.”

ಅವನು ಚಹಾ ತರಲು ಹೋದ. ಬಿಳಿಯರ ಸರ್ಕಾರ ಆದಿವಾಸಿ ಮಕ್ಕಳನ್ನು ಹೀಗೆ ಎತ್ತಿಕೊಂಡು ಹೋಗುತ್ತಿದ್ದ ಕಾಲ ಅದು; ಕಳೆದುಹೋದ ಅಜ್ಜಿಯೊಬ್ಬಳು ಯಾರ ಮನೆಯಲ್ಲಿಲ್ಲ? ಆ ಮಾತು ಅಲ್ಲಿಗೇ ನಿಂತಿತು.

ಪಾಸಮ್ ಎಂಬ ಮರವಾಸಿ ಪ್ರಾಣಿಯ ಚರ್ಮಗಳನ್ನು ಹೊಲಿದು ಮಾಡಿದ ಆ ಹೊದಿಕೆ ರೋಮದ ಮಗ್ಗುಲು ಹೊರಗಾಗಿ ಮಡಚಿಕೊಂಡು, ಹಲಗೆಯಂತೆ ಸೆಟೆದು ಡ್ರಾಯರಿನಲ್ಲಿ ಮಲಗಿತ್ತು. ಬಿಚ್ಚಿದರೆ ಮುರಿಯುತ್ತದೆಂದು ಯಾರೂ ಅದನ್ನು ಬಿಚ್ಚಿರಲಿಲ್ಲ. ಅದರ ಒಳಮೈಯಲ್ಲಿ ಮನೆತನದ ಗುರುತು ಇರುತ್ತದೆ, ಕಪ್ಪೆಚಿಪ್ಪಿನ ಅಂಚಿನಿಂದ ಕೊರೆದದ್ದು.

“ನದಿ ಪ್ರದೇಶದ್ದು ಅಂತಷ್ಟೇ ನಮಗೆ ಗೊತ್ತಿರೋದು,” ಎಂದರು ವಿಭಾಗದ ಮುಖ್ಯಸ್ಥೆ ಡಾಕ್ಟರ್ ಹ್ಯಾಲಮ್. ಒರಟು ಹೆಂಗಸಲ್ಲ, ಅಜ್ಜಿಯ ಕುರ್ಚಿಯ ಎತ್ತರಕ್ಕೆ ಬಗ್ಗಿಯೇ ಮಾತಾಡಿದರು. “ಚಳಿಗಾಲ ಪೂರ್ತಿ ತೇವ ಕೊಟ್ಟು ಮೆದು ಮಾಡಿ ಬಿಚ್ಚುತ್ತೇವೆ. ಒಳಗಿನ ಗುರುತು ನಿಮ್ಮದೇ ಅಂತ ನೀವು ತೋರಿಸಿಕೊಟ್ಟರೆ ನಿಮಗೆ ಹಿಂತಿರುಗಿಸುತ್ತೇವೆ. ಅದು ಹೇಗಿತ್ತು ಅಂತ ನೆನಪಿದೆಯೇ?”

“ಗೊತ್ತಿದ್ದದ್ದು ನಮ್ಮಕ್ಕ ಐವಿಗೆ. ಅಮ್ಮ ಅವಳಿಗೊಬ್ಬಳಿಗೇ ಕಲಿಸಿದ್ದು. ನಾನಿನ್ನೂ ಹೊಟ್ಟೇಲಿದ್ದೆ, ಸರ್ಕಾರದ ಕಾರು ಬಂತು, ಐವಿ ಹೋದಳು. ಆಮೇಲೆ ಅಮ್ಮ ಆ ಗೆರೆ ಮತ್ತೆ ಎಳೀಲೇ ಇಲ್ಲ.” ಅಜ್ಜಿ ಡ್ರಾಯರಿನತ್ತ ನೋಡಿದಳು. “ಗೊತ್ತಿದ್ದೋಳನ್ನ ಹೊತ್ಕೊಂಡು ಹೋಗಿಬಿಟ್ಟು, ಈಗ ಯಾರಿಗೆ ಗೊತ್ತು ಅಂತ ಕೇಳ್ತೀಯಲ್ಲಮ್ಮ.”

ಡಾಕ್ಟರ್ ಹ್ಯಾಲಮ್ ಕನ್ನಡಕ ಸರಿಪಡಿಸಿಕೊಂಡರು. “ನಿಯಮ ನಾನು ಮಾಡಿದ್ದಲ್ಲ, ಮರ್ಲ್.”

“ಮಾಡಿದೋರು ಯಾವತ್ತೂ ಸಿಗಲ್ಲ ನೋಡು.”

*

ಆ ಚಳಿಗಾಲದಲ್ಲಿ ಹೊದಿಕೆ ಮೆದುವಾಗುತ್ತ ಬಂತು. ಲೀಟಾಳೂ.

ಹೊದಿಕೆಯ ಸಮಾಚಾರ ಹೇಳುವ ನೆಪದಲ್ಲಿ ರೂಬೆನ್ ಭಾನುವಾರ ರೈಲು ಹತ್ತಿ ಬರುತ್ತಿದ್ದ. ಫೋನಿನಲ್ಲೇ ಹೇಳಬಹುದಾದಷ್ಟು ಸಮಾಚಾರ. ಅಜ್ಜಿಗೆ ಮೆತ್ತನೆಯ ಚಪ್ಪಲಿ ತಂದ, ಅವಳು ಬೆಂಕಿಯಲ್ಲಿ ಸುಟ್ಟ ದಪ್ಪ ರೊಟ್ಟಿಯ ಕರಕಲು ಅಂಚನ್ನು ತಾನು ತಿಂದು ಮೆತ್ತನೆಯ ನಡುವನ್ನು ಅವಳಿಗೇ ಬಿಟ್ಟ. ಲೀಟಾ ಆರೋಗ್ಯ ಕೇಂದ್ರದ ವ್ಯಾನಿನಲ್ಲಿ ಮುದುಕರನ್ನು ಮನೆಮನೆಗೆ ಬಿಡುವಾಗ ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ತೆಗೆದುಕೊಡುವ ಕೆಲಸ ಮಾಡಿದ.

“ಮ್ಯೂಸಿಯಮ್ಮಿನವರಿಗೆ ಹಳೇದು ಅಂದ್ರೆ ಇಷ್ಟ ಅಂತ ಗೊತ್ತಿತ್ತು,” ಎಂದಳು ಲೀಟಾ. “ಇಷ್ಟೊಂದು ಮುದುಕರನ್ನೂ ಸೇರಿಸ್ಕೊಳ್ತಾರೆ ಅಂತ ಗೊತ್ತಿರಲಿಲ್ಲ.”

“ಡ್ರೈವರ್ ಹೊಸಬಳು. ಅವಳನ್ನ ನೋಡೋಕೆ ಬರೋದು.”

“ನೋಡೋಕೆ ಗ್ಲೌಸ್ ಬೇಡ್ವಾ?”

“ನೋಡೋಕೆ ಬೇಡ,” ಎಂದು ಅವಳ ಕೈಯ ಕಡೆ ನೋಡಿದ. ಅವಳು ಗೇರ್ ತಪ್ಪಿಸಿದಳು. ಹಿಂದಿನ ಸೀಟಿನಲ್ಲಿ ಮುದುಕನೊಬ್ಬ ಬೈದ.

ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆಯಲ್ಲಿ ಸಾಸೇಜು ಹುರಿಯುವ ಹೆಂಗಸರು ಅವಳನ್ನು ಬಿಡಲಿಲ್ಲ. “ಮೊದಲು ಜನ ಯಾರು ಅಂತ ಕೇಳು, ಆಮೇಲೆ ಕಣ್ಣು ಹೊಡಿ,” ಎಂದಳು ದಪ್ಪ ತೋಳಿನ ಡಲ್ಸಿ ಆಂಟಿ.

“ಕೇಳಿದ್ದಾಯ್ತು. ಗೊತ್ತಿಲ್ವಂತೆ.”

“ಹಂಗಾದ್ರೆ ಗೊತ್ತಾಗೋ ತನಕ ಇಬ್ಬರ ಕೈನೂ ಜೇಬಲ್ಲಿರಲಿ!”

ಎಲ್ಲರೂ ನಕ್ಕರು, ಲೀಟಾಳೂ ನಕ್ಕಳು. ಗೊತ್ತಿಲ್ಲ ಎಂದರೆ ನಮ್ಮ ನೆಂಟನಲ್ಲ ಎಂದು ಅವಳು ತಿಳಿದುಕೊಂಡಳು. ಆಸೆಪಟ್ಟವರಿಗೆ ಹಾಗೆ ತಿಳಿದುಕೊಳ್ಳುವುದು ಸುಲಭ.

ಚಳಿ ಇಳಿಯುತ್ತಿದ್ದ ಒಂದು ಸಂಜೆ ನದಿ ದಡದಲ್ಲಿ, ಬಿಸಿ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಇಬ್ಬರ ನಡುವೆ. ಅವನು ಜೇಬಿನಿಂದ ಕೆಂಪು ಮರದ ಬಿಲ್ಲೆಯೊಂದನ್ನು ತೆಗೆದ. ಕಾದ ತಂತಿಯಿಂದ ಅದರ ಮೇಲೆ ಒಂದು ಚೌಕ ಸುಟ್ಟಿದ್ದ. ಒಳಗೆ ಮೂರು ಅಲೆ. ಚೌಕದ ಒಂದು ಬದಿ ಮಾತ್ರ ಅರ್ಧಕ್ಕೇ ನಿಂತಿತ್ತು.

“ಮುಚ್ಚೋಕೆ ಮರೆತಿದ್ದೀಯ.”

“ಇಲ್ಲ. ನಮ್ಮಜ್ಜಿ ಹಾಗೇ ಬಿಡ್ತಿದ್ದಳು. ನಿದ್ದೆ ಬರದಿದ್ರೆ ನನ್ನ ಬೆನ್ನ ಮೇಲೆ ಉಗುರಲ್ಲಿ ಎಳೀತಿದ್ದಳು. ಅವಳು ಬಿಟ್ಟುಹೋದ ಆಸ್ತಿ ಅಂದ್ರೆ ಇದೊಂದೇ.”

“ಇರೋ ಆಸ್ತಿನೆಲ್ಲ ನನಗೆ ಕೊಟ್ಟುಬಿಟ್ರೆ?”

“ನೀನೇ ಇರ್ತೀಯಲ್ಲ.”

ದಾರವನ್ನು ಅವಳ ಕತ್ತಿನ ಹಿಂದೆ ಕಟ್ಟುವಾಗ ಅವನ ಬೆರಳಿಗೆ ಉಪ್ಪು ಅಂಟಿತ್ತು. ಗಂಟು ಹಾಕಿಯಾದ ಮೇಲೂ ಬೆರಳು ಅಲ್ಲೇ ಇತ್ತು. ಅವಳು ಹಿಂದಕ್ಕೆ ಒರಗಿದಳು. ಕಪ್ಪು ಕಾಕಟೂ ಹಕ್ಕಿಗಳು ಕಿರುಚುತ್ತ ನದಿ ದಾಟಿದವು; ಚಿಪ್ಸು ತಣ್ಣಗಾಯಿತು.

“ಹೊದಿಕೆ ಮನೆಗೆ ಬಂದ ಮಾರನೇ ದಿನವೇ ನಿಮ್ಮಜ್ಜಿ ಹತ್ರ ನಿನ್ನನ್ನ ಕೇಳ್ತೀನಿ,” ಎಂದ.

“ಒಪ್ಪದಿದ್ರೆ?”

“ದಿನಾ ಕ್ಯಾಂಟೀನ್ ಊಟ ತಂದುಕೊಡ್ತೀನಿ ಅಂತ ಹೆದರಿಸ್ತೀನಿ.”

*

ಹೊದಿಕೆ ಬಿಚ್ಚುವ ದಿನ ಕೋಣೆಯಲ್ಲಿ ನಾಲ್ಕೇ ಜನ. ಡಾಕ್ಟರ್ ಹ್ಯಾಲಮ್, ಅಜ್ಜಿ, ಲೀಟಾ. ಮೇಜಿನ ಆಚೆ, ಕೊನೆಯ ಮಡಿಕೆಯನ್ನು ಅಂಗೈಯಗಲದ ಪಟ್ಟಿಯಿಂದ ಎತ್ತುತ್ತಿದ್ದ ರೂಬೆನ್.

ಅವನ ಕೈ ನಡುವೆಯೇ ನಿಂತದ್ದನ್ನು ಲೀಟಾ ನೋಡಿದಳು. ಆಮೇಲೆ ಚರ್ಮದ ಕಡೆ ನೋಡಿದಳು.

ಚೌಕ. ಮೂರು ಅಲೆ. ಅರ್ಧಕ್ಕೇ ನಿಂತ ಒಂದು ಗೆರೆ. ಪಕ್ಕದ ಚರ್ಮದಲ್ಲೂ ಅದೇ, ಅದರ ಪಕ್ಕದ್ದರಲ್ಲೂ ಅದೇ. ಅಂಗಿಯೊಳಗೆ, ಅವಳ ಎದೆಯ ಮೇಲೂ ಅದೇ.

ಅಜ್ಜಿ ಮೂಗು ತಾಗುವಷ್ಟು ಬಗ್ಗಿದಳು. ಬಹಳ ಹೊತ್ತು ನೋಡಿದಳು. ಪರೀಕ್ಷೆಯಲ್ಲಿ ಉತ್ತರ ಬಾರದ ಹುಡುಗಿಯ ಮುಖವಾಯಿತು ಅವಳದು.

“ಏನಾದರೂ ನೆನಪಾಗುತ್ತಿದೆಯೇ, ಮರ್ಲ್?”

“ಇಲ್ಲ.”

“ಕ್ಷಮಿಸಿ.” ಡಾಕ್ಟರ್ ಹ್ಯಾಲಮ್ ನಿಜವಾಗಿಯೇ ನೊಂದುಕೊಂಡಿದ್ದರು. “ಹಾಗಾದರೆ ಸದ್ಯಕ್ಕೆ ಇಲ್ಲೇ ಇರಬೇಕಾಗುತ್ತದೆ. ಐದು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು.”

“ಐದು ವರ್ಷಕ್ಕೆ ನಾನೇ ಡ್ರಾಯರ್ ಸೇರಿರ್ತೀನಿ ಕಣಮ್ಮ,” ಎಂದಳು ಅಜ್ಜಿ. ಅವಳು ಹೊದಿಕೆ ಇಟ್ಟುಕೊಳ್ಳಲೆಂದು ತೊಡೆಯ ಮೇಲೆ ಹಾಸಿಕೊಂಡು ಬಂದಿದ್ದ ತೊಳೆದ ಬೆಡ್‌ಶೀಟನ್ನು ಮಡಚತೊಡಗಿದಳು.

ರೂಬೆನ್ ಲೀಟಾಳನ್ನೇ ನೋಡುತ್ತಿದ್ದ. ಐವಿಯ ಕಥೆ ಅವನಿಗೂ ಈಗ ಗೊತ್ತಿತ್ತು. ಅವನು ತಲೆಯಾಡಿಸಿದ, ಬೇರೆ ಯಾರಿಗೂ ಕಾಣದಷ್ಟು ಸಣ್ಣದಾಗಿ. ಬೇಡ.

ಹುಟ್ಟಿದಾಗಿನಿಂದ ತನ್ನ ಜನರನ್ನು ಹುಡುಕಿದವನು ಅವರ ಹೊಸ್ತಿಲಲ್ಲಿ ನಿಂತು, ಅವಳಿಗಾಗಿ, ಬೇಡ ಎನ್ನುತ್ತಿದ್ದ. ಸುಮ್ಮನಿದ್ದರೆ ಸಾಕಿತ್ತು. ಅವನು ಅವಳವನಾಗುತ್ತಿದ್ದ. ಅಜ್ಜಿ ಖಾಲಿ ಬೆಡ್‌ಶೀಟು ತೊಡೆಯ ಮೇಲಿಟ್ಟುಕೊಂಡು ವ್ಯಾನಿನಲ್ಲಿ ಹಿಂದಿರುಗುತ್ತಿದ್ದಳು. ನಿನ್ನ ಜನ ಯಾರು ಎಂದು ಯಾರಾದರೂ ಕೇಳಿದಾಗಲೆಲ್ಲ ಅವನು ಅವಳ ಮುಖ ನೋಡಿ, ಗೊತ್ತಿಲ್ಲ ಎನ್ನಬೇಕಾಗುತ್ತಿತ್ತು.

ಗ್ಲೌಸಿನ ಕೈಗೆ ಅವನು ಕಟ್ಟಿದ ಗಂಟು ಬಿಚ್ಚಲು ಬರಲಿಲ್ಲ. ಲೀಟಾ ದಾರವನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಬಿಲ್ಲೆಯನ್ನು ಹೊದಿಕೆಯ ಪಕ್ಕದಲ್ಲಿಟ್ಟಳು.

ಡಾಕ್ಟರ್ ಹ್ಯಾಲಮ್ ಬಗ್ಗಿದರು. “ಇದು ಎಲ್ಲಿಯದು?”

“ರೂಬೆನ್ ಕೊಟ್ಟಿದ್ದು. ಹೊದಿಕೆ ಬಿಚ್ಚೋಕೆ ಮುಂಚೆ. ಅವನಜ್ಜಿ ಅವನ ಬೆನ್ನ ಮೇಲೆ ಎಳೀತಿದ್ದಳಂತೆ.”

“ಹಾಗಾದರೆ ಇದು ಅವರ ಅಜ್ಜಿಯ ಮನೆತನದ್ದಾಯಿತು. ನಿಮ್ಮದು ಅಂತ ಹೇಗೆ?”

ಅಜ್ಜಿ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. “ಎಳೆಯುವಾಗ ಏನಾದ್ರೂ ಅಂತಿದ್ದಳೇನಪ್ಪ, ನಿಮ್ಮಜ್ಜಿ?”

ಅವನು ಇಲ್ಲ ಎನ್ನಬಹುದಿತ್ತು. ಮರೆತೆ ಎನ್ನಬಹುದಿತ್ತು. ಅವನು ಲೀಟಾಳ ಅಪ್ಪಣೆ ಕೇಳುವವನಂತೆ ನಿಂತ.

“ಹೇಳು,” ಎಂದಳು ಲೀಟಾ.

“ನೀರು ದಾಟು,” ಎಂದ ರೂಬೆನ್, ಮೇಜಿನ ಮೇಲೆ ಬೆರಳಿನಿಂದ ಒಂದು ಅಲೆ ಎಳೆದು. “ನೀರು ದಾಟು. ನೀರು ದಾಟು...” ಮೂರು ಅಲೆಯಾದ ಮೇಲೆ ಅವನ ಬೆರಳು ಬಿಲ್ಲೆಯ ತೆರೆದ ಬದಿಗೆ ಬಂತು.

“...ಅಮ್ಮ ಬಾಗಿಲು ಹಾಕಿಲ್ಲ,” ಎಂದು ಮುಗಿಸಿದಳು ಅಜ್ಜಿ.

ಅವಳ ತಾಯಿ ಗೆರೆ ಎಳೆಯುವುದನ್ನು ಬಿಟ್ಟಿದ್ದಳೇ ಹೊರತು ಮಾತನ್ನು ಬಿಟ್ಟಿರಲಿಲ್ಲ. ಮರ್ಲಳನ್ನು ಮಲಗಿಸಿದ್ದೂ ಆ ಮಾತೇ. ಮರ್ಲ್ ಲೀಟಾಳನ್ನು ಮಲಗಿಸಿದ್ದೂ.

“ಐವಿಯ ಮೊಮ್ಮಗ,” ಅಜ್ಜಿ ಎರಡೂ ಕೈಯಿಂದ ಅವನ ಮುಖ ಹಿಡಿದಳು. “ನಮ್ಮಕ್ಕನ ಮೊಮ್ಮಗ! ಲೀಟಾ, ನೋಡೇ, ನಿನ್ನ—”

ಲೀಟಾಳ ಮುಖ ನೋಡಿದಳು. ಮರದ ಬಿಲ್ಲೆಯನ್ನು ನೋಡಿದಳು. ಕೈಗಳು ಅವನ ಕೆನ್ನೆಯ ಮೇಲೆ ಹಾಗೇ ಉಳಿದವು.

“ಅಯ್ಯೋ, ನನ್ನ ಮಕ್ಕಳಾ,” ಎಂದಳು.

ಡಾಕ್ಟರ್ ಹ್ಯಾಲಮ್ ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲೆಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಚಹಾ ತಂದರು. ಬಿಲ್ಲೆಯನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಬಹಳ ಮೆಲ್ಲಗೆ ಹೇಳಿದರು.

“ಇಟ್ಕೊಳ್ಳಿ,” ಎಂದಳು ಲೀಟಾ. “ಹುಳ ಹಿಡೀದ ಹಾಗೆ ನೋಡ್ಕೊಳ್ಳಿ.”

ಹೊರಗೆ, ವ್ಯಾನಿನ ಪಕ್ಕದಲ್ಲಿ, ರೂಬೆನ್ ಬಾಗಿಲ ಹಿಡಿಕೆ ಹಿಡಿದು ನಿಂತ. “ಕಾನೂನಲ್ಲಿ ಅಡ್ಡಿಯಿಲ್ಲ, ಲೀಟಾ. ಅಜ್ಜಿಯರ ಕಾಲದ ನಂಟು. ಬೇರೆ ಊರಿಗೆ ಹೋದ್ರೆ ಯಾರೂ ಕೇಳಲ್ಲ.”

“ನಿಮ್ಮಜ್ಜಿ, ನಮ್ಮಜ್ಜಿ ಅಕ್ಕತಂಗಿ. ಅಂದ್ರೆ ನಿಮ್ಮಮ್ಮ, ನಮ್ಮಮ್ಮನೂ ಅಕ್ಕತಂಗಿ. ನಾನೇನಾಗಬೇಕು ನಿನಗೆ? ನೀನೇ ಹೇಳು.”

ಅವನು ಬಾಗಿಲ ಹಿಡಿಕೆ ಬಿಟ್ಟ.

“ನಿಮ್ಮಜ್ಜಿನ ನಮ್ಮಿಂದ ಕಿತ್ಕೊಳ್ದೆ ಇದ್ದಿದ್ರೆ,” ಎಂದಳು ಲೀಟಾ, “ನಾವಿಬ್ರೂ ಒಂದೇ ಅಂಗಳದಲ್ಲಿ ಜಗಳ ಆಡ್ಕೊಂಡು ಬೆಳೀತಿದ್ವಿ. ಈ ಆಸೆ ಹುಟ್ತಾನೇ ಇರಲಿಲ್ಲ. ಅದನ್ನೂ ಅವರೇ ಕೊಟ್ರು, ರೂಬೆನ್. ಈಗ ಅದನ್ನೂ ವಾಪಸ್ ತಗೊಂಡ್ರು.”

*

ಹೊದಿಕೆ ಮನೆಗೆ ಬಂದ ದಿನ ನದಿ ದಡದಲ್ಲಿ ಸ್ವಾಗತಕ್ಕೆಂದು ಹಸಿ ಎಲೆಯ ಹೊಗೆ ಹಾಕಿದ್ದರು. ಊರೆಲ್ಲ ಸೇರಿತ್ತು. ವಿಷವಿದ್ದದ್ದರಿಂದ ಒಳಗೆ ಅಜ್ಜಿಯ ಬಿಳಿ ಬೆಡ್‌ಶೀಟು ಹೊಲಿದಿದ್ದರು. ಒಂದೇ ಸಲ, ಕೊಂಚ ಹೊತ್ತು ಮಾತ್ರ ಹೊದೆಯಬಹುದು.

“ಹಿರಿಯವಳ ಮೊಮ್ಮಗ ಹೊದ್ಕೊಳ್ಳಲಿ,” ಎಂದಳು ಅಜ್ಜಿ. ನಂತರ, ಯಾರ ಮುಖವನ್ನೂ ನೋಡದೆ, “ಹೊದಿಕೆ ಜಾರದ ಹಾಗೆ ಭುಜದಲ್ಲಿ ಕಡ್ಡಿ ಚುಚ್ಚೋದು ತಂಗಿ.”

ಅವನಿಗೆ ಬೇರೆ ತಂಗಿ ಇರಲಿಲ್ಲ.

ಜನರ ನಡುವಿನಿಂದ ಡಲ್ಸಿ ಆಂಟಿ ಬಂದು ಲೀಟಾಳ ಪಕ್ಕ ನಿಂತಳು. ಇವತ್ತು ತಮಾಷೆ ಮಾಡಲಿಲ್ಲ. ನೀಲಿ ಗ್ಲೌಸಿನೊಳಗೆ ಉಸಿರು ಊದಿ, ಬೆರಳುಗಳನ್ನು ಬಿಡಿಸಿ, ಅವಳ ಕೈಗೆ ತಾನೇ ತೊಡಿಸಿದಳು.

ಲೀಟಾ ಅವನ ಎದುರು ನಿಂತಳು. ಅವಳ ಬೆರಳಿಗೂ ಅವನ ಭುಜಕ್ಕೂ ನಡುವೆ ರಬ್ಬರು, ವಿಷದ ಚರ್ಮ, ಅಜ್ಜಿಯ ಬೆಡ್‌ಶೀಟು. ಕಡ್ಡಿಯನ್ನು ನೆಟ್ಟಗೆ ಚುಚ್ಚಿದಳು. ಅವನ ಗಾಯದ ಹುಬ್ಬು ಒಮ್ಮೆ ಅದುರಿತು.

“ಲೀಟಾ,” ಎಂದ ಅವನು, ಉಸಿರಿನಲ್ಲಿ.

ತಂಗಿಯಾದವಳು ಎಲ್ಲರಿಗೂ ಕೇಳುವಂತೆ ಕೇಳಬೇಕಿತ್ತು. ಅವಳು ಕೇಳಿದಳು.

“ಮನೆಗೆ ಬಂದ್ಯಾ, ಅಣ್ಣ?”

ಹೊಗೆಗೆ ಅವನ ಕಣ್ಣಲ್ಲಿ ನೀರು ಬಂದಿದೆ ಎಂದುಕೊಂಡರು ಜನ.

“ಬಂದೆ, ತಂಗಿ.”

ಕೂಗು ಎದ್ದಿತು, ಮಕ್ಕಳು ಕುಣಿದರು, ಅಜ್ಜಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಲೀಟಾ ಗ್ಲೌಸು ಕಳಚಿದಳು. ಅಭ್ಯಾಸಬಲದಿಂದ ಬರಿಗೈ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮೆಲ್ಬರ್ನಿನಲ್ಲಿ ಆ ಬಿಲ್ಲೆಗೊಂದು ನಂಬರು ಕೊಟ್ಟು, ಹೊದಿಕೆ ಇದ್ದ ಡ್ರಾಯರಿನಲ್ಲೇ ಇಟ್ಟಿದ್ದರು.