ಓಬಳಯ್ಯನ ವೀಳ್ಯ

ಮಣಿಕೂಟಪುರದ ಕೋಟೆ ಎಷ್ಟು ಎತ್ತರವೆಂದರೆ, ಬೆಳಗಿನ ಸೂರ್ಯದೇವನೂ ಅದರ ತೆನೆಗಳ ಮೇಲೆ ಮೊಣಕೈಯೂರಿ ತುಸು ದಣಿವಾರಿಸಿಕೊಂಡೇ ಮುಂದೆ ಸಾಗುತ್ತಿದ್ದನು. ಅದರ ನೆರಳು ನೆರೆರಾಜ್ಯದ ಹೊಲಗಳವರೆಗೂ ಚಾಚುತ್ತಿದ್ದುದರಿಂದ, ಅಲ್ಲಿಯ ರೈತರು ಆ ತಂಪಿಗಾಗಿ ಈ ಅರಸರಿಗೆ ಕಾಣಿಕೆ ಕಳುಹಿಸುತ್ತಿದ್ದರಂತೆ! ಆದರೆ ಆ ಬೆಳಗ್ಗೆ ಪಟ್ಟದಾನೆ ಘೀಳಿಡಲಿಲ್ಲ, ನಗಾರಿ ನುಡಿಯಲಿಲ್ಲ. ಮಹಾರಾಜರು ವಿಷಮಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದ್ದರು. ರಾಜಮುದ್ರೆ ದುಗ್ಗಣಮಂತ್ರಿಯ ಬೆರಳೇರಿತ್ತು.

ಆ ಮುದ್ರೆಯೊತ್ತಿ ಮಂತ್ರಿ ಮೊದಲು ಮಾಡಿದ ಕಾರ್ಯವೆಂದರೆ, ಹದ್ದಿನಕೋಟೆಯ ಕೆಂಚನಾಯಕನಿಗೆ ಮರಣದಂಡನೆ ವಿಧಿಸಿದ್ದು. ಕೋಟೆಯ ಬೀಗದಕೈ ಕೇಳಿದಾಗ "ಅರಸರೇ ಎದ್ದು ಕೇಳಲಿ" ಎಂದದ್ದು ನಾಯಕನ ರಾಜದ್ರೋಹ! ಅಂದು ಸೂರ್ಯ ಮುಳುಗುತ್ತಲೇ ಅವನನ್ನು ಅಲ್ಲಿಯ ಕೋಡುಗಲ್ಲಿನಿಂದ ಪ್ರಪಾತಕ್ಕೆ ನೂಕಬೇಕು.

ಮುದ್ರೆಯನ್ನು ಮೀರುವ ಅಧಿಕಾರ ರಾಣಿ ಲಕುಮಾದೇವಿಗಿರಲಿಲ್ಲ. ಆದರೆ ಆ ನಾಡಿನ ಕಟ್ಟಳೆಯೊಂದಿತ್ತು: ಅರಮನೆಯ ವೀಳ್ಯ ಹಿಡಿದವನು ಅರಸರ ಕಾರ್ಯದ ಮೇಲಿರುವವನು, ಸಭೆಗೆ ಮರಳಿ ವರದಿ ಒಪ್ಪಿಸುವವರೆಗೆ ಯಾರೂ ಅವನ ಕೂದಲನ್ನೂ ಕೊಂಕಿಸುವಂತಿಲ್ಲ. ನಡುದಾರಿಯಲ್ಲಿ ವೀಳ್ಯ ಕಳೆದುಕೊಂಡವನಿಗೆ ಮಾತ್ರ ಅದೇ ಕೋಡುಗಲ್ಲು. ರಾಣಿ ಬೆಳ್ಳಿಯ ಎಳೆ ಸುತ್ತಿದ ಎರಡು ವೀಳ್ಯಗಳನ್ನು ತಟ್ಟೆಯಲ್ಲಿಟ್ಟಳು; ಒಂದು ನಾಯಕನಿಗೆ, ಇನ್ನೊಂದು ಅದನ್ನು ಒಯ್ಯುವವನಿಗೆ.

ರಾಜಮಾರ್ಗದ ತುಂಬ ಮಂತ್ರಿಯ ರಾವುತರು. ಉಳಿದದ್ದು ಬಂಡೆಗಳ ಬೆಟ್ಟಸಾಲೊಂದೇ. ಸಭೆ ತಲೆತಗ್ಗಿಸಿತು.

"ಪಹರೆಯ ಓಬಳಯ್ಯನವರಿರುವಾಗ ಚಿಂತೆಯೇಕೆ, ಮಹಾರಾಣಿ?" ಎಂದು ಮಂತ್ರಿ ನಕ್ಕನು. "ಇಲ್ಲಿ ಅಂಬಲಿ ಕುಡಿದು ಬಂಡೆ ಹತ್ತಿದರೆ ಹದ್ದಿನಕೋಟೆಯಲ್ಲಿ ಮಧ್ಯಾಹ್ನದ ಊಟವಂತೆ. ಬುತ್ತಿಯನ್ನು ಕರಡಿ ಹೊತ್ತಿತ್ತಂತೆ!"

ಸಭೆ ಗೊಳ್ಳೆಂದಿತು. ಓಬಳಯ್ಯ ಬಹುಕಾಲದಿಂದ ಹೇಳಿಕೊಂಡು ಬಂದ ಕತೆಯದು. ನಿಜವೆಂದರೆ, ಹೊಟ್ಟೆಯ ಭಾರಕ್ಕೆ ಗುಡಿಯ ಮೆಟ್ಟಿಲು ಹತ್ತುವಾಗಲೇ ಅವನಿಗೆ ಏದುಸಿರು. ಆದರೆ ಸುಳ್ಳೆಂದು ಬಲ್ಲವನಾಗಿಯೂ, ಪ್ರತಿಸಲವೂ "ಆಮೇಲೇನಾಯಿತು, ಓಬಳಾ?" ಎಂದು ಕಣ್ಣರಳಿಸಿ ಕೇಳುತ್ತಿದ್ದವನು ಒಬ್ಬನೇ ಒಬ್ಬ, ಕೆಂಚನಾಯಕ.

ಓಬಳಯ್ಯ ಎದ್ದನು. "ಎರಡು ಕರಡಿ, ಸ್ವಾಮಿ. ಇನ್ನೊಂದು ಛತ್ರಿ ಹಿಡಿದಿತ್ತು."

ತನ್ನ ವೀಳ್ಯವನ್ನು ರುಮಾಲಿನೊಳಗೂ ನಾಯಕನದನ್ನು ಸೊಂಟಕ್ಕೂ ಸಿಕ್ಕಿಸಿಕೊಂಡು ಹೊರಟನು.

ಬಂಡೆಗಳೆಂದರೆ ಎಂಥ ಬಂಡೆಗಳು! ದೇವತೆಗಳು ಜಗಳವಾಡಿ ಎಸೆದು ಮರೆತುಹೋದಂತೆ ಒಂದರ ಮೇಲೊಂದು ಬಿದ್ದಿದ್ದವು. ಹತ್ತಿದರೆ ಜಾರಿಕೆ, ಇಳಿದರೆ ಕೊರಕಲು, ಕೈಯಿಟ್ಟಲ್ಲಿ ಮುಳ್ಳು. ಬಿಸಿಲೇರುವಷ್ಟರಲ್ಲಿ ಕೆರ ಹರಿದವು. ಧೋತ್ರದ ಅಂಚು ಹರಿದು ಪಾದಕ್ಕೆ ಸುತ್ತಿಕೊಂಡರೆ, ಅದೂ ನೆತ್ತರಿಗೆ ನೆನೆಯಿತು. ನಡುಹಗಲಲ್ಲಿ ಹಿಂದಿರುಗಿ ನೋಡಿದರೆ ಮಣಿಕೂಟಪುರದ ಕಲಶಗಳು ಇನ್ನೂ ಬಗಲಲ್ಲೇ ಹೊಳೆಯುತ್ತಿದ್ದವು!

"ಎಲ್ಲಿ ಸತ್ತಿರೋ ಕರಡಿರಾಯರೇ," ಎಂದು ಗೊಣಗುತ್ತ ಬಂಡೆಯ ದೊಣೆಯೊಂದರಲ್ಲಿ ನೀರು ಕುಡಿಯಲು ಬಗ್ಗಿದನು. ಸರಕ್ಕನೆ ಸೊಂಟ ಹಗುರಾಯಿತು. ಕರಿಮೂತಿಯ ಮುಸಿಯ ಕೋತಿಯೊಂದು ನಾಯಕನ ವೀಳ್ಯವನ್ನು ಕಸಿದು, ತುದಿಬಂಡೆಯ ಮೇಲೆ ಕುಳಿತು ನೆಮ್ಮದಿಯಾಗಿ ಮೆಲ್ಲತೊಡಗಿತ್ತು.

ಓಬಳಯ್ಯ ಕಲ್ಲೆಸೆದನು, ಬೈದನು, ಕೈಮುಗಿದನು. ಕೊನೆಗೆ ಕುಳಿತು ಮಗುವಿನಂತೆ ಅತ್ತನು. ರುಮಾಲಿನಲ್ಲಿ ಉಳಿದದ್ದು ಒಂದು. ಅದನ್ನು ಹಿಡಿದು ಹಿಂದಿರುಗಿದರೆ ತನ್ನ ಜೀವಕ್ಕೆ ಭಯವಿಲ್ಲ. ಮುಂದೆ ಹೋದರೆ ಅದು ಒಂದೇ ಕೊರಳನ್ನು ಕಾಯಬಲ್ಲುದು. ಬಹಳ ಹೊತ್ತು ರುಮಾಲನ್ನು ಒತ್ತಿ ಹಿಡಿದುಕೊಂಡಿದ್ದನು. ಆಮೇಲೆ ಕಣ್ಣೊರೆಸಿಕೊಂಡು, ಮುಂದಿನ ಬಂಡೆಗೆ ಕೈಯಿಟ್ಟನು.

ನಡೆಯಲಾಗದಲ್ಲಿ ತೆವಳಿದನು, ತೆವಳಲಾಗದಲ್ಲಿ ಉರುಳಿದನು. ಅವನು ಹದ್ದಿನಕೋಟೆಯನ್ನು ಮುಟ್ಟಿದಾಗ ಪಡುವಣ ಕೆಂಪಾಗಿತ್ತು. ಕೋಡುಗಲ್ಲಿನ ತುದಿಯಲ್ಲಿ ಕೆಂಚನಾಯಕನ ಕೈ ಕಟ್ಟಿ ನಿಲ್ಲಿಸಿದ್ದರು.

"ಅರಮನೆಯ ವೀಳ್ಯ!" ಎಂದು ಒಡೆದ ದನಿಯಲ್ಲಿ ಕೂಗಿ, ಅದನ್ನು ನಾಯಕನ ಕೈಗೆ ತುರುಕಿದನು.

ಮಂತ್ರಿಯ ಕಡೆಯ ದಂಡಪಾಲ ಜಟ್ಟಿಗ ಬೆಳ್ಳಿಯ ಎಳೆಯನ್ನು ದಿಟ್ಟಿಸಿ ಹಲ್ಲು ಕಡಿದನು. ಕಟ್ಟಳೆ ಮುರಿದರೆ ಸೈನಿಕರು ಸುಮ್ಮನಿರುವವರಲ್ಲ. "ನಾಯಕನನ್ನು ಬಿಚ್ಚಿರಿ. ಓಬಳಯ್ಯನವರೇ, ತಮ್ಮ ವೀಳ್ಯವೆಲ್ಲಿ?"

"ನನ್ನದೇ? ಮುಸಿಯ ಕಸಿದು ತಿಂದಿತು."

ಸೈನಿಕರು ಬಿದ್ದು ಬಿದ್ದು ನಕ್ಕರು. ಕೆಂಚನಾಯಕ ಮಾತ್ರ ನಗಲಿಲ್ಲ. ಗೆಳೆಯನ ಬಿಚ್ಚಿದ ರುಮಾಲನ್ನೂ, ತನ್ನ ಕೈಯಲ್ಲಿದ್ದ ವೀಳ್ಯಕ್ಕಂಟಿದ ನರೆಗೂದಲನ್ನೂ ನೋಡಿದನು. "ಓಬಳಾ, ಇದು ನಿನ್ನ..."

"ಬಾಯ್ಮುಚ್ಚು ನಾಯಕ," ಎಂದು ಓಬಳಯ್ಯ ಅವನ ಕಿವಿಯಲ್ಲಿ ಗದರಿದನು. "ಅರಸರು ಎದ್ದಾಗ ಬೀಗದಕೈ ಒಪ್ಪಿಸಲು ನೀನು ಬೇಕು. ನನ್ನ ಬಳಿ ಇರುವುದು ಬರೀ ಕತೆ."

ಜಟ್ಟಿಗ ಕೈಸನ್ನೆ ಮಾಡಿದನು. ನಾಯಕ ಗೆಳೆಯನತ್ತ ಹೆಜ್ಜೆಯಿಟ್ಟನು. ಹಳೆಯ ಮಾತೇ ಬಾಯಿಗೆ ಬಂತು.

"ಆಮೇಲೇನಾಯಿತು, ಓಬಳಾ?"

ಓಬಳಯ್ಯನ ಮುಖ ಅರಳಿತು. ಹಿಡಿಯಲು ಬಂದ ಕೈಗಳನ್ನು ಕೊಡವಿ, ಕುಂಟುತ್ತ ತಾನೇ ತುದಿಗೆ ನಡೆದನು. "ಸಭೆಯಲ್ಲಿ ಹೇಳುವಾಗ ಒಂದೇ ಮುಸಿಯ ಅನ್ನಬೇಡ, ಮಾರಾಯ. ಹಿಂಡು ಅನ್ನು!"

ಮಹಾರಾಜರು ಚೇತರಿಸಿಕೊಂಡು ಸಿಂಹಾಸನವೇರಿದ ದಿನ, ದುಗ್ಗಣನ ಬೆರಳಿನಿಂದ ಮುದ್ರೆ ಇಳಿಯಿತು. ಕೆಂಚನಾಯಕನು ಬೀಗದಕೈಯನ್ನೂ ಒಣಗಿದ ವೀಳ್ಯವನ್ನೂ ಅರಸರ ಮುಂದಿಟ್ಟು, ನಡೆದದ್ದನ್ನೆಲ್ಲ ಬಿನ್ನವಿಸಿದನು. ಮುಸಿಯಗಳ ಹಿಂಡೇ ಬಂದಿತ್ತೆಂದನು. ಕರಡಿಗಳೆರಡೂ ಕೊನೆಯವರೆಗೆ ಜೊತೆಗಿದ್ದವೆಂದನು.

ತುಂಬಿದ ಸಭೆಯಲ್ಲಿ ಒಬ್ಬರೂ ನಗಲಿಲ್ಲ.