ಚಾರ್ಜ್ ಕೊಟ್ಟ ಆರು ದಿನ

ಸೋಮವಾರ ಬೆಳಿಗ್ಗೆ ಅಫಜಲಪುರದ ವಾಚನಾಲಯದ ಮೆಟ್ಟಿಲು ಹತ್ತುವಾಗ ಪ್ರಹ್ಲಾದನ ಒಂದು ಕೈಯಲ್ಲಿ ವರ್ಗಾವಣೆಯ ಆದೇಶವಿತ್ತು, ಇನ್ನೊಂದು ಕೈಯಲ್ಲಿ ಎಲೆ-ಅಡಿಕೆಯ ಪೊಟ್ಟಣವಿತ್ತು. ಪೊಟ್ಟಣ ಪಿ. ಎನ್. ಸಾಹೇಬರಿಗೆ.

ಆ ಪಿ. ಎನ್. ಯಾರೆಂದು ಅವನು ಕಂಡಿರಲಿಲ್ಲ. ಆಳಂದದ ವಾಚನಾಲಯದಲ್ಲಿದ್ದ ಇವನು ಅಫಜಲಪುರ ಕೇಳಿದ್ದ, ಅಫಜಲಪುರದಲ್ಲಿದ್ದ ಅವರು ಆಳಂದ ಕೇಳಿದ್ದರು. ಒಬ್ಬರ ಕುರ್ಚಿಗೆ ಇನ್ನೊಬ್ಬರು ಹೋಗುತ್ತೇವೆಂದು ಇಬ್ಬರೂ ಬರೆದುಕೊಟ್ಟರೆ ಸರ್ಕಾರಕ್ಕೇನೂ ತಕರಾರಿಲ್ಲ. ಮ್ಯೂಚುವಲ್ ಅನ್ನುತ್ತಾರೆ ಇದಕ್ಕೆ. ಅರ್ಜಿಯ ಮೇಲಿದ್ದ ಎರಡಕ್ಷರದ ಸಹಿ ನೋಡಿ ಪ್ರಹ್ಲಾದ, ದಪ್ಪ ಕನ್ನಡಕದ, ಎಲೆ ಮೆಲ್ಲುವ, ನಿವೃತ್ತಿ ಹತ್ತಿರ ಬಂದ ಹಿರಿಯರೊಬ್ಬರನ್ನು ಮನಸ್ಸಿನಲ್ಲಿ ಕೂರಿಸಿಕೊಂಡಿದ್ದ.

ಒಳಗೆ ಮೇಜಿನ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ಹುಡುಗಿ ಎಂದರೆ ಇಪ್ಪತ್ತೇಳು ಇರಬಹುದು. ತಿಳಿಹಸಿರು ನೂಲಿನ ಸೀರೆ, ಹೆಬ್ಬೆರಳಿಗೆ ಶಾಯಿ.

"ಪಿ. ಎನ್. ಸಾಹೇಬ್ರು ಇಲ್ಲೇನ್ರಿ? ಚಾರ್ಜ್ ತಗೊಳ್ಳಾಕ ಬಂದೇನ್ರಿ."

ಅವಳು ಅವನನ್ನೂ ಪೊಟ್ಟಣವನ್ನೂ ಒಂದು ಸಲ ನೋಡಿದಳು. "ನಾನ ರೀ ಪಿ. ಎನ್. ಪ್ರಮಿಲಾ ಅಂತ. ಅದೇನ್ರಿ ಕೈಯಾಗ?"

"ಎಲಿ-ಅಡಿಕಿ ರೀ."

"ನಾ ತಿನ್ನಂಗಿಲ್ರಿ," ಎಂದಳು. ತುಟಿ ನಗದಿದ್ದರೂ ಕಣ್ಣು ನಕ್ಕುಬಿಟ್ಟಿತು. ಪೊಟ್ಟಣ ಕೊನೆಗೆ ಜವಾನ ಇಸ್ಮಾಯಿಲನ ಪಾಲಾಯಿತು. ಅರವತ್ತರ ಹತ್ತಿರದ ಇಸ್ಮಾಯಿಲ ಅದನ್ನು ಆಶೀರ್ವಾದ ಮಾಡಿಯೇ ಇಸಿದುಕೊಂಡ.

ಈ ಚಾರ್ಜ್ ಎಂಬ ಮಾತೊಂದನ್ನು ನಮ್ಮ ಕಡೆ ದುಡಿಸಿಕೊಂಡಷ್ಟು ಇಂಗ್ಲೆಂಡಿನವರೂ ದುಡಿಸಿಕೊಂಡಿರಲಿಕ್ಕಿಲ್ಲ. ಬಸ್ಸಿಗೆ ಕೊಡುವುದು ಚಾರ್ಜು. ಎಲೆಕ್ಷನ್ ಬಂದರೆ ಲಾಟಿ ಚಾರ್ಜು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಗಳು ಸಾಲಾಗಿ ಕೂತು ಕುಡಿಯುವುದೂ ಚಾರ್ಜೇ. ಡಾಕ್ಟರು ರಜೆಯ ಮೇಲೆ ಹೋದರೆ ಕಂಪೌಂಡರ್ ಇನ್‌ಚಾರ್ಜು. ವಾಚನಾಲಯದಲ್ಲಿ ಕಸ ಗುಡಿಸಿ, ಪೇಪರು ಹೊಲಿದು, ಬೀಗ ಹಾಕಿ, ಚಹಾ ತರುವ ಇಸ್ಮಾಯಿಲನ ಹಾಗೆ, ಒಂದೇ ಮಾತು ಊರಿನ ಎಲ್ಲ ಕೆಲಸಕ್ಕೂ ಓಡಾಡುತ್ತಿತ್ತು. ಆದರೆ ಸರ್ಕಾರಿ ನೌಕರನಿಗೆ ನಿಜವಾದ ಚಾರ್ಜು ಒಂದೇ. ಹೋಗುವವರು ಕೊಡುವುದು, ಬಂದವರು ತೆಗೆದುಕೊಳ್ಳುವುದು. ಪಟ್ಟಿಯಲ್ಲಿರುವ ಒಂದೊಂದು ವಸ್ತುವನ್ನೂ ಇಬ್ಬರೂ ಕೂಡಿ ನೋಡಿ ಸಹಿ ಮಾಡಬೇಕು. ಒಂದು ಕಮ್ಮಿ ಬಿದ್ದರೂ ಹೋಗುವವರು ಹೋಗುವಂತಿಲ್ಲ.

ಪಟ್ಟಿಯಲ್ಲಿ ಆರು ಬೆಂಚು, ಎರಡು ಬೀರು, ಒಂದು ಗೋಡೆ ಗಡಿಯಾರ, ಒಂದು ರೇಡಿಯೋ, ಸಾವಿರದ ಎಂಟುನೂರ ನಲವತ್ತೆರಡು ಪುಸ್ತಕ.

"ಮೂರು ದಿನದ ಕೆಲಸ ರೀ," ಎಂದಳು ಪ್ರಮಿಲಾ. "ನಾ ನಂಬರ ಓದ್ತೇನಿ, ನೀವು ಗುರುತು ಹಾಕ್ರಿ."

ಹಾಗೆ ಶುರುವಾಯಿತು. ಅವಳು ಏಣಿಯ ಮೇಲೆ, ಅವನು ಕೆಳಗೆ ಪಟ್ಟಿ ಹಿಡಿದು. ನಂಬರು ಓದುವುದರಲ್ಲಿ ಏನು ಚೆಂದವಿರುತ್ತದೆ ಎಂದು ಯಾರಾದರೂ ಕೇಳಬಹುದು. ಪ್ರಹ್ಲಾದನನ್ನು ಕೇಳಿದ್ದರೆ ಹೇಳುತ್ತಿದ್ದ. ನೂರಕ್ಕೊಮ್ಮೆ ಅವಳು ನಿಂತು ಕೈಬಳೆ ಮೇಲೆ ಸರಿಸುತ್ತಿದ್ದಳು. ಧೂಳಿಗೆ ಸೀನು ಬಂದಾಗ ಮುಖ ತಿರುಗಿಸಿ, "ಇದು ಪಟ್ಟಿಯಾಗ ಇಲ್ರಿ" ಎನ್ನುತ್ತಿದ್ದಳು. ಅವನು ಗುರುತು ಹಾಕುವುದನ್ನು ಮರೆತು ಕೂತರೆ ಮೇಲಿನಿಂದಲೇ, "ಸರ್, ಎಲ್ಲಿದ್ದೀರಿ?" ಎನ್ನುವಳು. ಎಲ್ಲಿದ್ದೇನೆಂದು ಅವನಿಗೂ ತಿಳಿಯುತ್ತಿರಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವನದರಲ್ಲಿ ಅಕ್ಕ ಲೀಲಾಬಾಯಿ ಕಟ್ಟಿದ ರೊಟ್ಟಿ, ಇವಳದರಲ್ಲಿ ಶೇಂಗಾ ಚಟ್ನಿ. ಎರಡನ್ನೂ ಕೂಡಿಸಿ ತಿನ್ನುತ್ತಾ ಒಬ್ಬರಿಗೊಬ್ಬರು ಮನೆಯ ಸುದ್ದಿ ಹೇಳಿಕೊಂಡರು. ಅವನ ಅಕ್ಕ ಸೊನ್ನದಲ್ಲಿ ಭೀಮಾ ದಂಡೆಯ ಮನೆಯಲ್ಲಿ ಎರಡು ಸಣ್ಣ ಮಕ್ಕಳೊಂದಿಗೆ ಇದ್ದಳು. ಭಾವ ತೀರಿ ವರ್ಷವಾಗಿತ್ತು, ಅದಕ್ಕೇ ಅವನು ಅಫಜಲಪುರ ಕೇಳಿದ್ದು. ಪ್ರಮಿಲಾಳ ತಾಯಿ ಜಾನಕೀಬಾಯಿ ಆಳಂದದ ಹತ್ತಿರ ಸರಸಂಬಾದಲ್ಲಿ. ಲಕ್ವಾ ಹೊಡೆದು ಬಲಗೈ ಬಲಗಾಲು ಎರಡೂ ಬಿದ್ದಿದ್ದವು. ಸದ್ಯಕ್ಕೆ ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದಳು.

"ನಾಕು ವರ್ಷ ಬೇಡಿದ ಮ್ಯಾಲ ಸಿಕ್ಕದ್ರಿ ಈ ಆರ್ಡರ್," ಎಂದಳು ಅವಳು. "ನೀವು ಸಹಿ ಮಾಡಿರದಿದ್ರ ನಾ ಇಲ್ಲೇ ಇರ್ತಿದ್ದೆ. ನಿಮ್ಮ ಉಪಕಾರ ಮರಿಯಂಗಿಲ್ರಿ."

ಪ್ರಹ್ಲಾದ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ವಾಪಸಿಟ್ಟ. ತನ್ನ ಕೈಯಾರೆ ಸಹಿ ಹಾಕಿ ಇವಳನ್ನು ಕಳಿಸುತ್ತಿದ್ದಾನೆ. ಕಳಿಸದಿದ್ದರೆ ಇವಳನ್ನು ಕಾಣುತ್ತಲೇ ಇರಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗಲಿಲ್ಲ.

ಮಂಗಳವಾರ ಊಟದ ನಂತರ ಅವಳು ಕೈ ತೊಳೆಯಲು ಹಿಂದೆ ಹೋದಳು. ಮುಂದೆ ಓದಬೇಕಾದ ಪುಸ್ತಕಗಳು ಮೇಜಿನ ಮೇಲಿದ್ದವು. ಎಲ್ಲಕ್ಕಿಂತ ಮೇಲೆ ಒಂಬೈನೂರಾ ಆರು, ಕೆಂಪು ಬಟ್ಟೆಯ ರಟ್ಟಿನ ದಪ್ಪ ಇಂಗ್ಲಿಷ್-ಕನ್ನಡ ಡಿಕ್ಷನರಿ. ಪ್ರಹ್ಲಾದ ಅದನ್ನೆತ್ತಿ ಬೀರುವಿನ ಮೇಲಿನ ಹಳೆ ಪೇಪರಿನ ಕಟ್ಟುಗಳ ಹಿಂದೆ ತಳ್ಳಿಬಿಟ್ಟ. ಹುಟ್ಟಿದಾಗಿನಿಂದ ಯಾರದೊಂದು ಪೆನ್ಸಿಲನ್ನೂ ಮುಟ್ಟದ ಮನುಷ್ಯ ಅವನು. ಒಂದೇ ಒಂದು ದಿನ ಹೆಚ್ಚಿಗೆ ಸಿಗಲಿ ಎಂದಷ್ಟೇ ಅವನ ಆಸೆ.

ಬುಧವಾರ ಸಂಜೆ ಪಟ್ಟಿ ಮುಗಿಯಿತು. ಒಂದು ಕಮ್ಮಿ.

ಗುರುವಾರ ಇಡೀ ದಿನ ಹುಡುಕಿದರು. ಅವಳು ಬೆಂಚಿನ ಕೆಳಗೆ ಬಗ್ಗಿ ನೋಡುವಾಗ, ಹಣೆಯ ಬೆವರು ಸೆರಗಿಗೆ ಒರೆಸಿಕೊಳ್ಳುವಾಗ, ಪ್ರಹ್ಲಾದ ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತಿದ್ದ, ಹೇಳಿದರೆ ನಾಳೆಯೇ ಹೊರಡುತ್ತಾಳೆ ಎಂದು ಮುಚ್ಚುತ್ತಿದ್ದ.

"ಯಾರರೆ ಮನಿಗೆ ಒಯ್ದಿರಬೇಕು ರೀ," ಎಂದಳು ಅವಳು ಕೊನೆಗೆ. "ನಾಳೆ ಮನಿ ಮನಿಗೆ ಹೋಗಿ ಕೇಳೋಣ."

ಶುಕ್ರವಾರ ಹೊರಟರು. ಅವಳ ಹೆಗಲಿಗೆ ಒಂದು ಬಟ್ಟೆಯ ಚೀಲ. ಎರಡು ಓಣಿ ದಾಟುವಷ್ಟರಲ್ಲಿ ಅದು ಜಗ್ಗುವುದನ್ನು ಅವನು ಕಂಡ.

"ಭಾರ ಅದಲ್ರಿ. ಇಲ್ಲಿ ಕೊಡ್ರಿ."

"ಬ್ಯಾಡ್ರಿ, ಇರ್ಲಿ," ಎಂದು ಅವಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

ಉರ್ದು ಶಾಲೆಯ ಟೀಚರ್ ಸುಲ್ತಾನಬಿ ಇಬ್ಬರಿಗೂ ಚಹಾ ಕೊಟ್ಟು, ಪ್ರಹ್ಲಾದನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪ್ರಮಿಲಾಬಾಯಿ, ಇವ್ರು ನಿಮ್ಮ ಮನಿಯವ್ರೇನ್ರಿ? ಹೇಳಲೇ ಇಲ್ಲಲ್ಲ!"

ಪ್ರಮಿಲಾ ಬಸಿಯಲ್ಲಿದ್ದ ಚಹಾ ಊದುತ್ತಾ ಕೂತಳು. ಅಲ್ಲ ಅನ್ನಲಿಲ್ಲ. ಪ್ರಹ್ಲಾದನೇ ತೊದಲಿದ, "ಇಲ್ರಿ, ನಾ ಚಾರ್ಜ್ ತಗೊಳ್ಳಾಕ ಬಂದಾಂವ."

ಹೊರಗೆ ಬಂದ ಮೇಲೆ ಬೇವಿನ ನೆರಳಲ್ಲಿ ಅವಳು ನಿಂತಳು. "ಆ ಡಿಕ್ಷನರಿಯೊಳಗ ಚಾರ್ಜಿಗೆ ಎಷ್ಟು ಅರ್ಥ ಅದಾವ ಗೊತ್ತದೇನ್ರಿ? ಅರ್ಧ ಪುಟ. ದರ, ಆಪಾದನೆ, ಮ್ಯಾಲ ಬೀಳೋದು, ತುಂಬೋದು, ಹೊರಿಸೋದು. ಕಡೀಕ ಒಂದದ, ನೋಡಿಕೊಳ್ಳಾಕ ಒಪ್ಪಿಸಿದ ಮನುಷ್ಯಾ ಅಂತ. ನಮ್ಮವ್ವ ನಂಗ ಅದು. ನಿಮ್ಮಕ್ಕ, ಆ ಎರಡು ಕೂಸು ನಿಮಗ. ಇದನ್ನ ಯಾರಿಗೂ ಪಟ್ಟಿ ಮಾಡಿ ಕೊಟ್ಟು ಬರಾಕ ಆಗಂಗಿಲ್ಲ, ಅಲ್ಲೇನ್ರಿ?"

"ಆಗಂಗಿಲ್ರಿ," ಎಂದ ಪ್ರಹ್ಲಾದ.

ಸಂಜೆ ವಾಚನಾಲಯಕ್ಕೆ ಮರಳಿದರೆ ಇಸ್ಮಾಯಿಲ ಒಂದು ಕಾರ್ಡು ಹಿಡಿದು ನಿಂತಿದ್ದ. ಚಿಕ್ಕಮ್ಮ ಬರೆಸಿದ್ದು. ಅವಳ ಮಗಳಿಗೆ ದಿನ ತುಂಬಿವೆ, ಐತವಾರ ಬೆಳಿಗ್ಗೆ ಹೋಗಲೇಬೇಕು, ಆಮೇಲೆ ಅಕ್ಕನ ಬಾಯಿಗೆ ನೀರು ಬಿಡುವವರು ಯಾರೂ ಇಲ್ಲ, ಕೂಡಲೆ ಹೊರಟು ಬಾ.

ಪ್ರಮಿಲಾ ಕಾರ್ಡನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. ಪ್ರಹ್ಲಾದನಿಗೆ ತಡೆಯಲಾಗಲಿಲ್ಲ. ಇಸ್ಮಾಯಿಲ ಚಹಾಕ್ಕೆ ಹೋದದ್ದೇ ತಡ, ಏಣಿ ಹತ್ತಿ ಬೀರುವಿನ ಮೇಲೆ ಪೇಪರಿನ ಕಟ್ಟುಗಳ ಹಿಂದೆ ಕೈ ಹಾಕಿದ. ಧೂಳಷ್ಟೇ ಸಿಕ್ಕಿತು. ಇನ್ನೂ ಒಳಗೆ ತಡವಿದ. ಏನೂ ಇರಲಿಲ್ಲ.

"ಅಲ್ಲಿ ಇಲ್ರಿ," ಎಂದಳು ಪ್ರಮಿಲಾ ಕೆಳಗಿನಿಂದ.

ಅವನು ಏಣಿಯ ಮೇಲೇ ತಿರುಗಿದ. ಅವಳು ಬಟ್ಟೆಯ ಚೀಲದಿಂದ ಕೆಂಪು ರಟ್ಟಿನ ಡಿಕ್ಷನರಿ ತೆಗೆದು ಕಾರ್ಡಿನ ಪಕ್ಕಕ್ಕಿಟ್ಟಳು.

"ನಿನ್ನೆ ಮುಂಜಾನೆ ನೀವು ಬರೋಕಿಂತ ಮೊದಲ ಸಿಕ್ತು. ಮಂಗಳವಾರ ನಾ ಕೈ ತೊಳ್ಯಾಕ ಹೋದಾಗ ಇಲ್ಲಿ ಇದ್ದವ್ರು ನೀವೊಬ್ರ."

"ಮತ್ತ ನಿನ್ನೆ ದಿನಾಪೂರಾ ಹುಡುಕಿದ್ದು? ಇವತ್ತು ಮನಿ ಮನಿ ತಿರುಗಿದ್ದು?"

"ನೀವಷ್ಟ ಒಂದು ದಿನ ಕದಿಯಬೇಕೇನ್ರಿ? ನಂಗೂ ಬೇಕಾಗಿತ್ತು." ಅವಳ ದನಿ ಒಡೆಯಿತು. "ಅಲ್ಲಿ ನಮ್ಮವ್ವ ಹಾದಿ ನೋಡಾಕತ್ತಾಳ. ನಾ ಇಲ್ಲಿ ಹೆಗಲಿಗೆ ಪುಸ್ತಕ ಹಾಕ್ಕೊಂಡು ನಿಮ್ಮ ಜೋಡಿ ಓಣಿ ತಿರುಗೇನಿ."

ಪ್ರಹ್ಲಾದ ಇಳಿದು ಬಂದ. ಆರು ಬೆಂಚು, ಎರಡು ಬೀರು ಇದ್ದ ಆ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯದಾಯಿತು.

"ಒಂದು ಮಾತು ಕೇಳಲೇನ್ರಿ?"

"ಕೇಳಬ್ಯಾಡ್ರಿ. ಕೇಳಿದ್ರ ಹೂಂ ಅಂತೇನಿ. ಹೂಂ ಅಂದು ಏನು ಮಾಡೋದು? ನೀವು ಸೊನ್ನ ಬಿಡಾಕ ಬರಂಗಿಲ್ಲ, ನಾ ಅವ್ವನ್ನ ಎತ್ತಿಕೊಂಡು ಬರಾಕ ಬರಂಗಿಲ್ಲ. ಒಂದೊಂದು ಊರಿಗೆ ಒಂದೊಂದೇ ಕುರ್ಚಿ. ಮೂರು ವರ್ಷ ಅಲುಗಾಡಂಗಿಲ್ಲ ಅಂತ ನಾವ ಬರಕೊಟ್ಟೇವಿ."

"ಮೂರು ವರ್ಷಕ್ಕ ಮತ್ತ ಮ್ಯೂಚುವಲ್ ಬರದ್ರ?"

"ನೀವು ಆಳಂದಕ್ಕ, ನಾ ಅಫಜಲಪುರಕ್ಕ. ಮತ್ತೊಂದು ಸಲ ಆರು ದಿನ." ನಗಬೇಕೆಂದು ಹೇಳಿದಳು, ಆದರೆ ಸೆರಗು ಬಾಯಿಗೆ ಹೋಯಿತು. ಇಸ್ಮಾಯಿಲ ತಂದಿಟ್ಟ ಚಹಾ ಆರಿಹೋಯಿತು.

ದೀಪ ಹಚ್ಚುವ ಮುಂಚೆ ಪ್ರಹ್ಲಾದ ಪಟ್ಟಿ ತೆಗೆದು ಒಂಬೈನೂರಾ ಆರರ ಮುಂದೆ ಗುರುತು ಹಾಕಿದ. ಕೆಳಗೆ ಇಬ್ಬರೂ ಸಹಿ ಮಾಡಿದರು.

ಶನಿವಾರ ಆಳಂದದ ಬಸ್ಸು. ಇಸ್ಮಾಯಿಲ ಟ್ರಂಕನ್ನು ಮೇಲೆ ಹತ್ತಿಸಿದ. ಪ್ರಮಿಲಾ ಕಿಟಕಿಯ ಪಕ್ಕ ಕೂತಳು. ಮಾತಾಡುವುದು ಬೇಕಾದಷ್ಟಿತ್ತು, ಅವರು ಬಸ್ ಚಾರ್ಜ್ ಹೆಚ್ಚಾದ ಬಗ್ಗೆ ಮಾತಾಡಿದರು. ಕಂಡಕ್ಟರ್ ಸೀಟಿ ಊದಿದಾಗ ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಒಳಗೆ ಕೈ ಹಾಕಿದಳು.

"ಇದ್ಯಾಕ್ರಿ ಇದರಾಗ? ನಿಮ್ಮ ಡಿಕ್ಷನರಿ!"

"ಮುಂಜಾನೆ ನಾನ ಇಟ್ಟೇನ್ರಿ. ಒಯ್ರಿ."

"ಸಹಿ ಮಾಡೀರಿ ನೀವು! ಮಾರ್ಚಿನಾಗ ತಪಾಸಣಿ ಬರ್ತಾರ. ಅದು ಇರದಿದ್ರ ನಿಮ್ಮ ಮ್ಯಾಲ ಚಾರ್ಜ್‌ಶೀಟ್ ಹಾಕ್ತಾರ."

"ಹಾಕ್ಲಿ ರೀ. ತಂದುಕೊಡಬೇಕು ಅನಿಸಿದ್ರ ನೀವ ತಂದುಕೊಡ್ರಿ."

"ಪೋಸ್ಟಿಗೆ ಹಾಕಿದ್ರ?"

ಬಸ್ಸು ಅಲುಗಿತು. ಪ್ರಹ್ಲಾದ ಕಿಟಕಿಯ ಸರಳು ಹಿಡಿದು ಎರಡು ಹೆಜ್ಜೆ ಜೊತೆಗೆ ನಡೆದ. "ಹಾಕ್ರಿ. ಆಗ ನಾ ಹಾದಿ ನೋಡೋದು ಬಿಡ್ತೇನಿ."

ಅಂದಿನಿಂದ ಅವನು ಪೋಸ್ಟ್‌ಮನ್‌ಗೆ ಹೆದರತೊಡಗಿದ. ಎಂಬತ್ನಾಲ್ಕರ ಆ ಆಗಸ್ಟಿನಿಂದ ಮಾರ್ಚಿನವರೆಗೆ, ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದಾಗೆಲ್ಲ ಅವನ ಕೈ ನಿಂತುಹೋಗುತ್ತಿತ್ತು. ಪತ್ರ ಬರೆಯಲು ಕೂತು ಹರಿದ. ಆಳಂದಕ್ಕೆ ಹೋಗಿಬರಲು ರಜೆಯ ಅರ್ಜಿ ಬರೆದು ಹರಿದ. ಜೇವರ್ಗಿಯ ವಾಚನಾಲಯದ ನರಸಿಂಹರಾಯರು ಒಮ್ಮೆ ಬಂದವರು, ಆಳಂದದ ಬಾಯಿಯವರು ತಾಯಿಯ ಸೇವೆಯಲ್ಲಿ ಬಹಳ ಸೊರಗಿದ್ದಾರೆ ಎಂದರು. ಪ್ರಹ್ಲಾದ ಹೂಂ ಎಂದ. ಆ ದಿನ ಡಬ್ಬಿ ಬಿಚ್ಚದೆ ಮನೆಗೆ ಒಯ್ದ. ಕಪಾಟಿನಲ್ಲಿ ಒಂಬೈನೂರಾ ಐದು ಮತ್ತು ಏಳರ ನಡುವೆ ಖಾಲಿ ಜಾಗ ಹಾಗೇ ಇತ್ತು.

"ಸಾಹೇಬ್ರ, ಪುಸ್ತಕ ಸರಸಿ ಬಿಡಲೇನ್ರಿ?" ಎಂದ ಇಸ್ಮಾಯಿಲ ಒಂದು ದಿನ.

"ಬ್ಯಾಡ, ಇಸ್ಮಾಯಿಲಭಾಯಿ. ಇರ್ಲಿ ಹಂಗ."

ಪಾರ್ಸೆಲ್ ಬರಲಿಲ್ಲ. ಪತ್ರವೂ ಬರಲಿಲ್ಲ.

ತಪಾಸಣೆಯ ದಿನ ಹತ್ತೂವರೆಗೆ ಸಾಹೇಬರು ಬರುವವರಿದ್ದರು. ಪ್ರಹ್ಲಾದ ಒಂಬತ್ತಕ್ಕೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಆಳಂದದ ಬಸ್ಸು ಬಂತು. ಜೋಳದ ಚೀಲದವರು ಇಳಿದರು, ಕೋಳಿ ಹಿಡಿದವರು ಇಳಿದರು, ಬಸ್ಸು ಖಾಲಿಯಾದಂತೆ ಕಂಡಿತು. ಎಲ್ಲರ ಹಿಂದೆ ಅದೇ ತಿಳಿಹಸಿರು ಸೀರೆ. ಕೆನ್ನೆ ಒಳಗೆ ಹೋಗಿತ್ತು. ಹೆಗಲ ಮೇಲೆ ಬಟ್ಟೆಯ ಚೀಲ ಜಗ್ಗುತ್ತಿತ್ತು.

ಅವನಿಗೆ ಕೇಳಲು ಬಂದದ್ದು ಒಂದೇ ಮಾತು. "ಭಾರ ಅದಲ್ರಿ?"

"ಅದ ರೀ," ಎಂದು ಪ್ರಮಿಲಾ ಚೀಲವನ್ನು ಹೆಗಲಿನಿಂದ ತೆಗೆದು ಅವನ ಕೈಗೆ ಕೊಟ್ಟಳು. "ಅವ್ವನ ಕಡೆ ಬಾಜೂ ಮನಿ ಹುಸೇನಬೀನ ಕೂಡಿಸಿ ಬಂದೇನಿ. ನಾಕರ ಬಸ್ಸಿಗೆ ಹೋಗಬೇಕು."

ಎಲ್ಲ ಹಾಗೇ ಇತ್ತು. ಅವ್ವ ಹಾಗೇ ಮಲಗಿದ್ದಳು, ಸೊನ್ನದ ಕೂಸುಗಳು ಇನ್ನೂ ಸಣ್ಣವೇ ಇದ್ದವು, ಊರಿಗೊಂದೇ ಕುರ್ಚಿ. ತಪಾಸಣೆಯ ಸಾಹೇಬರು ಒಂಬೈನೂರಾ ಆರನ್ನು ಮುಟ್ಟಿ ನೋಡಿ ಮುಂದೆ ಹೋದರು. ಓದುಗರ ಬೆಂಚಿನ ಮೂಲೆಯಲ್ಲಿ ಪೇಪರು ಹಿಡಿದು ಕೂತ ಹೆಣ್ಣುಮಗಳನ್ನು ಅವರು ನೋಡಲೂ ಇಲ್ಲ. ಮಧ್ಯಾಹ್ನ ಇಬ್ಬರೂ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು.

ನಾಲ್ಕಕ್ಕೆ ಪ್ರಹ್ಲಾದನೇ ಚೀಲ ಹೊತ್ತು ಬಸ್ಸಿನ ತನಕ ಬಂದ. ಅವಳು ಕಿಟಕಿಯಿಂದ ಕೈ ಚಾಚಿ ಅದನ್ನು ಇಸಿದುಕೊಂಡಳು. ಚೀಲ ಬೆಳಿಗ್ಗೆ ಇದ್ದಷ್ಟೇ ಭಾರವಿತ್ತು. ಪ್ರಮಿಲಾ ಅವನ ಮುಖ ನೋಡಿದಳು, ಆದರೆ ಚೀಲ ಬಿಚ್ಚಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅದರ ಮೇಲಿರಿಸಿದಳು.

"ಮುಂದಿನ ಮಾರ್ಚಿಗೆ ಬರ್ತೇನ್ರಿ," ಎಂದಳು.